ಓದಿದವರು, ತಾಳೆ ನೋಡಿದವರು

ಹೊಸನಗರದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಹಂಗಾಮಿ ಟೈಪಿಸ್ಟ್ ಆಗಿದ್ದೆ. ಯಾವ ಕಚೇರಿ ಅಂತ ಹೇಳಲ್ಲ, ಕೇಳಲೂಬೇಡಿ. ಹಂಗಾಮಿ ಅಂದರೆ ಎಷ್ಟು ವರ್ಷ ಕೂತರೂ ಕುರ್ಚಿ ನಮ್ಮದಲ್ಲ ಅಂತ ಅರ್ಥ. ಅಪ್ಪ ಹಾಸಿಗೆ ಹಿಡಿದಿದ್ದರು, ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. "ಈ ಸಲ ಖಾಯಂ ಮಾಡಿಸೋಣಮ್ಮ" ಅಂತ ಬಂದ ಸಾಹೇಬರೆಲ್ಲ ಹೇಳುವರು, ಹೇಳಿ ವರ್ಗವಾಗಿ ಹೋಗುವರು.

ನನ್ನ ಕೆಲಸ ನಕಲು ತೆಗೆಯುವುದು. ಜನ ಜಮೀನಿನ ಆದೇಶಕ್ಕೋ ಇನ್ನೊಂದಕ್ಕೋ ನಕಲು ಕೇಳಿಕೊಂಡು ಬರುವರು. ನಾನು ಕಾರ್ಬನ್ ಇಟ್ಟು ಟೈಪ್ ಮಾಡಬೇಕು. ಆಮೇಲೆ ಹಿರಿಯ ಗುಮಾಸ್ತರು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು, ನಾನು ನಕಲಿನ ಮೇಲೆ ಬೆರಳಿಟ್ಟು ತಾಳೆ ನೋಡಬೇಕು. ಕೊನೆಗೊಂದು ರಬ್ಬರ್ ಸೀಲು: ಎಡಕ್ಕೆ 'ಓದಿದವರು', ಬಲಕ್ಕೆ 'ತಾಳೆ ನೋಡಿದವರು'. ಎರಡೂ ಕಡೆ ಸಹಿ ಬಿದ್ದರೆ ಮಾತ್ರ ಅದು ನಕಲು, ಇಲ್ಲದಿದ್ದರೆ ಕಡಲೆ ಕಟ್ಟುವ ಕಾಗದ. ಗುಮಾಸ್ತರು ತೀರ್ಥಹಳ್ಳಿ ಕಡೆಯವರು, ಭಾರೀ ಶಿಸ್ತು. "ಪೂರ್ವಕ್ಕೆ ಹಳ್ಳ, ಅಲ್ಪವಿರಾಮ, ಪಶ್ಚಿಮಕ್ಕೆ ಗುಡ್ಡ, ಪೂರ್ಣವಿರಾಮ" ಅಂತಲೇ ಓದುವರು. ಚುಕ್ಕೆ ಬಿಟ್ಟವರಲ್ಲ.

ಎಂಬತ್ತರ ದಶಕದ ಕೊನೆಗೆ ನಮ್ಮ ಕಚೇರಿಗೆ ಜೆರಾಕ್ಸ್ ಯಂತ್ರ ಬಂತು. ಅಲ್ಲಿಯವರೆಗೆ ಜೆರಾಕ್ಸ್ ಬೇಕಾದರೆ ಸಾಗರದ ಬಸ್ಸು ಹತ್ತಬೇಕಿತ್ತು. ಜವಾನ ಯಂತ್ರಕ್ಕೆ ಕುಂಕುಮ ಹಚ್ಚಿ, ಹೂ ಹಾಕಿ, ಅದರ ಪಕ್ಕದಲ್ಲೇ ತೆಂಗಿನಕಾಯಿ ಒಡೆದ. ಕಾಯಿನೀರು ಚಿಮ್ಮಿದ್ದೇ ತಡ, ಯಂತ್ರ ತಂದಿದ್ದ ಕಂಪನಿಯವನು "ಅಯ್ಯಯ್ಯೋ!" ಅಂತ ಕರವಸ್ತ್ರ ತೆಗೆದು ಒರೆಸತೊಡಗಿದ. ಒರೆಸುತ್ತಲೇ ಲಾಭಗಳನ್ನೂ ಹೇಳಿದ: ಕಾರ್ಬನ್ ಬೇಡ, ಕೈ ಮಸಿ ಆಗಲ್ಲ, ತಪ್ಪು ಅನ್ನೋದೇ ಇಲ್ಲ. "ಟೈಪಿಸ್ಟೂ ಬೇಕಾಗಲ್ಲ ಸಾರ್!" ಆಗ ಅವನಿಗೆ ಕಾಫಿ ತಂದು ಎದುರಿಗೆ ನಿಂತಿದ್ದವಳು ನಾನೇ. ತಲೆಮೇಲೆ ಸುರಿಯಬೇಕಿತ್ತು; ಕೈಗೆ ಕೊಟ್ಟೆ.

ಸಾಹೇಬರಿಗೆ ಖುಷಿಯೋ ಖುಷಿ. ಗುಮಾಸ್ತರು ಮಾತ್ರ ಸೀಲು ಹಿಡಿದು ಬಾಗಿಲಲ್ಲಿ ನಿಂತರು. "ನಕಲು ಅಂದ ಮೇಲೆ ತಾಳೆ ನೋಡ್ಬೇಕು ಸಾರ್, ನಿಯಮ ಇದೆ. ಯಂತ್ರ ಸಹಿ ಹಾಕುತ್ತಾ?" ನಿಯಮ ಅಂದರೆ ಸಾಹೇಬರಿಗೆ ಚಳಿಜ್ವರ. ತಾಳೆ ನೋಡಿ ಅಂದುಬಿಟ್ಟರು.

ಸರಿ, ಶುರುವಾಯಿತು ನೋಡಿ. ಕರೆಂಟ್ ಇದ್ದರೆ ಯಂತ್ರ ಕಣ್ಣು ಮಿಟುಕಿಸುವುದರೊಳಗೆ ನಕಲು ಉಗುಳುತ್ತಿತ್ತು. ಅದನ್ನು ಇಟ್ಟುಕೊಂಡು ನಾವಿಬ್ಬರೂ ಊಟದ ಹೊತ್ತಿನವರೆಗೆ ಓದುತ್ತಿದ್ದೆವು.

"ಮೂರನೇ ಸಾಲಲ್ಲಿ ಮಸಿ ಕಲೆ?"

"ಇದೆ ಸಾರ್."

"ಮೂಲೇಲಿ ಅಂಟಿಕೊಂಡ ಸತ್ತ ಇರುವೆ?"

"ಇದೆ ಸಾರ್. ಕಾಲೂ ಕಾಣ್ತಿದೆ."

ನಿಟ್ಟೂರಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಒಬ್ಬರಿಗೆ ಕೂತು ಕೂತು ತಲೆ ಕೆಟ್ಟಿತು. "ಎಂತಕ್ರೀ ಓದ್ತೀರಿ? ಅದೇ ಇದಲ್ವಾ?" ಅಂದರು. "ಅದೇ ಇದು ಅಂತ ಹೇಳಕ್ಕೂ ಯಾರಾದ್ರೂ ಬೇಕಲ್ಲ ಮಾರಾಯ್ರೆ" ಅಂದು ಗುಮಾಸ್ತರು ಮುಂದಿನ ಸಾಲಿಗೆ ಹೋದರು. ನನಗೆ ನಗು. ಆದರೆ ನನ್ನ ಲೆಕ್ಕಾಚಾರ ಬೇರೆಯೇ ಇತ್ತು. ಯಂತ್ರ ಎಲ್ಲಾದರೂ ಒಂದು ಒತ್ತಕ್ಷರ ನುಂಗಲಿ ದೇವರೇ, ಟೈಪಿಸ್ಟ್ ಇಲ್ಲದೆ ಆಗಲ್ಲ ಅಂತ ಸಾಹೇಬರ ಹತ್ತಿರ ಬರೆಸುತ್ತೇನೆ ಅಂತ ದಿನಾ ಹುಡುಕುತ್ತಿದ್ದೆ. ಹಾಳಾದ್ದು, ಒಂದನ್ನೂ ನುಂಗಲಿಲ್ಲ.

ಒಂದು ದಿನ ಮೇಲಿನ ಕಚೇರಿಯಿಂದ ಆದೇಶವೊಂದು ಬಂತು. ಕಡತಕ್ಕೆ ಅದರ ನಕಲು ಬೇಕಿತ್ತು. ಜವಾನ ಯಂತ್ರದಿಂದ ತೆಗೆದು ಮೂಲವನ್ನು ಗುಮಾಸ್ತರಿಗೂ ನಕಲನ್ನು ನನಗೂ ಕೊಟ್ಟ. ಮುಂದೇನಿದೆ ಅಂತ ಇಣುಕುವ ಅಭ್ಯಾಸ ನನಗಿರಲಿಲ್ಲ. ಅವರ ದನಿಯ ಹಿಂದೆ ಬೆರಳು ಹೋಗುತ್ತಿತ್ತು, ಅಷ್ಟೆ. "ನಕಲು ಯಂತ್ರ ಒದಗಿಸಿರುವ ಕಾರಣ, ಅಲ್ಪವಿರಾಮ, ಹಂಗಾಮಿ ಟೈಪಿಸ್ಟ್ ಹುದ್ದೆಯನ್ನು..." ಗುಮಾಸ್ತರು ಓದು ನಿಲ್ಲಿಸಿದರು. ಕೆಮ್ಮಿದರು. "...ಮುಂದುವರಿಸಲಾಗಿದೆ, ಪೂರ್ಣವಿರಾಮ."

ನನ್ನ ಬೆರಳ ಕೆಳಗೆ 'ರದ್ದುಪಡಿಸಲಾಗಿದೆ' ಅಂತ ಇತ್ತು.

"ಸಾರ್! ತಪ್ಪು! ಯಂತ್ರ ತಪ್ಪು ಮಾಡಿದೆ!" ಕಚೇರಿಯೆಲ್ಲ ತಿರುಗಿ ನೋಡಿತು. ಅಂಥ ಸಂತೋಷ ನನಗೆ ಆ ಕಚೇರಿಯಲ್ಲಿ ಯಾವತ್ತೂ ಆಗಿರಲಿಲ್ಲ. ಮೇಜು ಸುತ್ತಿಕೊಂಡು ಓಡಿ ಅವರ ಕೈಯಲ್ಲಿದ್ದ ಮೂಲಪ್ರತಿ ಎಳೆದುಕೊಂಡೆ.

ಅಲ್ಲೂ ಅದೇ ಇತ್ತು.

ಗುಮಾಸ್ತರು ಕನ್ನಡಕ ತೆಗೆದಿದ್ದರು. "ನನ್ ಹತ್ರ ಅದನ್ನ ಓದಕ್ಕೆ ಆಗಲ್ಲ ತಂಗಿ" ಅಂದರು. ಅಷ್ಟು ವರ್ಷ ಚುಕ್ಕೆ ಬಿಡದವರು ನನಗೋಸ್ಕರ ಒಂದು ಇಡೀ ಶಬ್ದ ತಪ್ಪು ಓದಿದ್ದರು. ನನಗೆ ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಆದರೂ ಕಡತಕ್ಕೆ ನಕಲು ಬೇಕಲ್ಲ. ನಕಲನ್ನು ಅವರ ಮುಂದಿಟ್ಟೆ. ಮೂಲವನ್ನು ನಾನು ಹಿಡಿದು ಮೊದಲಿಂದ ಗಟ್ಟಿಯಾಗಿ ಓದಿದೆ, ರದ್ದುಪಡಿಸಲಾಗಿದೆ, ಪೂರ್ಣವಿರಾಮದವರೆಗೆ.

"ಸರಿ ಇದ್ಯಾ ಸಾರ್?"

"ಸರಿ ಇದೆ."

'ಓದಿದವರು' ಅನ್ನುವ ಕಡೆ ನಾನು ಸಹಿ ಹಾಕಿದ್ದು ಅದೊಂದೇ ಸಲ.