ವಾರ್ಡನ್ ಅಜ್ಜಿಯ ಚಪ್ಪಲಿ

ಹಾಸ್ಟೆಲಿನ ಕೆಲಸ ಬಿಟ್ಟು ಇಪ್ಪತ್ತು ವರ್ಷವಾದರೂ ವೃದ್ಧಾಶ್ರಮದ ಏಳನೇ ಕೋಣೆಯ ವಾರ್ಡನ್ ಅಜ್ಜಿಯನ್ನು ಹಾಸ್ಟೆಲು ಬಿಟ್ಟಿಲ್ಲ. ಮೊಸರಲ್ಲೂ ಕಲ್ಲು ಹುಡುಕುವ ಕಣ್ಣು ಅವರದು; ದೇವರೇ ಬಂದರೂ "ಮೊದ್ಲು ಕಾಲೊರೆಸ್ಕೋ" ಅನ್ನುವ ಗತ್ತು. ಮೂವರು ಆಯಾಗಳು ಕೈಮುಗಿದು ಕೆಲಸ ಬಿಟ್ಟಿದ್ದಾರೆ. ಉಳಿದವಳು ಒಬ್ಬಳೇ, ಹೋದ ತಿಂಗಳು ತಾಯಿಯನ್ನು ಕಳೆದುಕೊಂಡವಳು. ಅವಳನ್ನು ಕಂಡರೆ ಆಶ್ರಮದವರೆಲ್ಲ ದನಿ ತಗ್ಗಿಸಿ "ಸಮಾಧಾನ ಮಾಡ್ಕೊಳಮ್ಮ" ಅನ್ನುತ್ತಾರೆ. ಅಜ್ಜಿಗೆ ಅಂಥ ದುರಭ್ಯಾಸಗಳಿಲ್ಲ. ಬೈಯುತ್ತಾರೆ, ಥೇಟು ಅವಳ ತಾಯಿಯ ಹಾಗೇ. ಅದಕ್ಕೇ ಅವಳು ದಿನಾ ಬೆಳಗ್ಗೆ ಅಜ್ಜಿಯ ಎಡಗಾಲಿನ ಚಪ್ಪಲಿಯನ್ನು ಬೇಕೆಂದೇ ಬಲಕ್ಕಿಡುತ್ತಾಳೆ. "ಕಣ್ಣೇನು ನೆತ್ತಿ ಮೇಲಿದ್ಯೇನೇ? ನಿಮ್ಮಮ್ಮ ಇದನ್ನೇ ಕಲ್ಸಿದ್ದಾ?" ಎಂದು ಶುರುವಾಗುವ ಮಂಗಳಾರತಿ ಕಾಫಿ ಆರುವವರೆಗೂ ನಡೆಯುತ್ತದೆ. ಅಷ್ಟು ಬೈಸಿಕೊಂಡರೆ ಅವಳಿಗೆ ದಿನ ದೂಡಲು ಸಾಕು. ಮುದುಕಿಗೆ ತನ್ನ ಆಟ ಗೊತ್ತಾಗಿಲ್ಲವೆಂಬ ಹೆಮ್ಮೆ ಬೇರೆ. ಇವತ್ತು ಮಾತ್ರ ಕಣ್ಣು ತುಂಬಿಕೊಂಡೇ ಬಂದವಳು ಮರೆತು ಚಪ್ಪಲಿಗಳನ್ನು ಸರಿಯಾಗಿಟ್ಟುಬಿಟ್ಟಳು. ಅಜ್ಜಿ ಬಗ್ಗಿ ಚಪ್ಪಲಿ ನೋಡಿದರು, ಅವಳ ಮುಖ ನೋಡಿದರು, ಊರುಗೋಲಿನ ತುದಿಯಿಂದ ಎರಡನ್ನೂ ನಿಧಾನವಾಗಿ ಅದಲುಬದಲು ಮಾಡಿದರು. ಆಮೇಲೆ ಗುಡುಗಿದರು: "ಯಾರೇ ಇದು, ಇವತ್ತೂ ಚಪ್ಪಲಿ ಉಲ್ಟಾ ಇಟ್ಟಿರೋದು?"