ಹಾಜಿ ತಿಜಾನಿಯವರ ಕುರ್ಚಿಗಳು

ತಕ್ಕಡಿಗಿಟ್ಟರೆ ಹಾಜಿ ತಿಜಾನಿ ಐವತ್ತು ಕಿಲೋ ದಾಟುತ್ತಿರಲಿಲ್ಲ, ಅದರಲ್ಲೂ ಅರ್ಧ ನಾಲಗೆಯದೇ ತೂಕ. ಸ್ಫಾಕ್ಸ್ ಪಟ್ಟಣದ ನಮ್ಮ ಆಲಿವ್ ಎಣ್ಣೆ ವರ್ತಕರ ಸಂಘದ ವಾರ್ಷಿಕ ಸಭೆಗೆ ಕುರ್ಚಿ ಹಾಕಿಸುತ್ತಿದ್ದವರು ಅವರೇ. ಮಾತು ಬಿಟ್ಟವರನ್ನು ಹುಡುಕಿ ಹುಡುಕಿ ಅಕ್ಕಪಕ್ಕ ಕೂರಿಸುವುದು ಅವರ ಚಟ. "ಜಗಳ ಆಡೋಕಾದ್ರೂ ಬಾಯಿ ಬಿಡ್ರಯ್ಯಾ!" ಎನ್ನುತ್ತ ಇಬ್ಬರ ನಡುವೆ ಒಂದೇ ತಟ್ಟೆ ಬಾದಾಮಿ ಇಡುತ್ತಿದ್ದರು. ಕಾರ್ಯದರ್ಶಿ ವರದಿ ಓದಿ ಮುಗಿಸುವಷ್ಟರಲ್ಲಿ ತಟ್ಟೆ ಪೂರ್ತಿ ಖಾಲಿ, ಜಗಳ ಅರ್ಧ ಖಾಲಿ. ಆಮೇಲೊಂದು ವರ್ಷ ಸಭೆ ಫೋನಿನೊಳಗೆ ಹೋಯಿತು. ಪರದೆಯ ಮೇಲೆ ಒಬ್ಬೊಬ್ಬರೂ ಒಂದೊಂದು ಚೌಕದಲ್ಲಿ. "ಇದರಲ್ಲಿ ಯಾರ ಪಕ್ಕ ಯಾರನ್ನ ಕೂರಿಸ್ಲಿ?" ಎಂದು ಹಾಜಿ ಪೇಚಾಡಿದರು. ಸಭೆಯ ದಿನ, ಆರು ವರ್ಷದಿಂದ ನನ್ನೊಡನೆ ಮಾತಾಡದಿದ್ದ ನನ್ನ ತಮ್ಮ ಶಾದ್ಲಿಯ ತೋಳು ಹಿಡಿದು ನನ್ನ ಅಂಗಡಿಗೇ ಎಳೆತಂದರು. "ಇವನ ಫೋನು ಕೆಟ್ಟೋಗಿದೆ ಕಣಪ್ಪಾ, ನಿನ್ನದ್ರಲ್ಲೇ ಇಬ್ರೂ ನೋಡ್ಕೊಳ್ಳಿ." ಆ ಕೆಟ್ಟ ಫೋನು ಶಾದ್ಲಿಯ ಜೇಬಿನಲ್ಲಿ ರಿಂಗಾಗುತ್ತಲೇ ಇತ್ತು. ನನ್ನ ತಮ್ಮ ನನಗೆ ಮತ್ತೆ ಸಿಕ್ಕಿದ್ದು ಹಾಜಿಯವರಿಂದ.