ಗೋಲಿಸೋಡಾದ ಮೇಲಿನ ಅಪವಾದ

ಹೊಟ್ಟೆನೋವು ಅಂದರೆ ಮೊದಲು ಓಮ ಜಗಿಸಿ, ಆಮೇಲೆ ದೃಷ್ಟಿ ತೆಗೆದು, ಕೊನೆಗೆ ಡಾಕ್ಟರನ್ನು ನೆನೆಸುತ್ತಿದ್ದ ದಿನಗಳವು. ನಾನಾಗ ಸಿರುಗುಪ್ಪ ಕಡೆಯ ಕರೂರಿನ ಸಾಲಿಯಲ್ಲಿ ಐದನೇ ಕ್ಲಾಸು. ಹೆಡ್‌ಮಾಸ್ತರ ಕೆಮ್ಮು, ಕಂಡಕ್ಟರನ ಸೀಟಿ, ಎಮ್ಮೆಯ ಬೇಸರ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಹೀಗಾಗಿ ಒಂದು ದಿನ ಎಡಪಕ್ಕೆ ಹಿಡಿದು ನರಳುತ್ತ ಕುಂತರೆ ಗೆಳೆಯರು ಚಪ್ಪಾಳೆ ತಟ್ಟಿದರು.

"ಭಾರಿ ಐತಿ, ಇದು ಯಾರದಲೇ?"

"ನಂದಲೇ!" ಅಂದು ವಾಂತಿ ಮಾಡಿದೆ. ಆಗ ನಂಬಿದರು.

ಆ ಭತ್ತದ ಸುಗ್ಗಿಯುದ್ದಕ್ಕೂ ಹಂಗೇ. ಗಟಗಟ ಮಜ್ಜಿಗೆ ಕುಡಿದರೆ ಸಾಕು, ನೋವು ಬರುತ್ತಿತ್ತು. ತಾಸೆರಡು ತಾಸಿಗೆ ಹೋಗುತ್ತಿತ್ತು. ಗ್ಯಾಸು ಅಂದರು, ಜಂತು ಅಂದರು, ಸಾಲಿ ತಪ್ಪಿಸುವ ರೋಗ ಅಂದರು. ಮೂರನೆಯದಕ್ಕೆ ಮೊದಲಿನಿಂದಲೂ ನನ್ನ ಹೆಸರು ಚಲೋ ಇತ್ತು.

ಕೊನೆಗೆ ಸಿರುಗುಪ್ಪದಲ್ಲಿ ಸ್ಕ್ಯಾನಿಂಗ್ ಮಾಡಿಸಿದರೆ ಎಡಗಡೆಯ ಕಿಡ್ನಿ ಊದಿಕೊಂಡಿತ್ತು. ಬಳ್ಳಾರಿಯ ಡಾಕ್ಟರು ಹಾಳೆಯ ಮೇಲೆ ಅವರೆಕಾಳಿನಂಥ ಚಿತ್ರ ಬರೆದು, ಅದರಿಂದ ಉಚ್ಚೆ ಇಳಿಯುವ ನಾಳ ಬಾಯಲ್ಲೇ ಸಣ್ಣದಾಗಿದೆ ಅಂದರು. ಕಾಲುವೆ ನೀರು ಕಟ್ಟಿ ಕಟ್ಟಿ ಕೈ ಸವೆದ ಅಪ್ಪ ತಟ್ಟನೆ, "ತೂಬು ಕಟ್ಟೈತಿ, ಮ್ಯಾಲಿನ ಮಡಿ ತುಂಬಿ ನಿಂತೈತಿ. ಅಷ್ಟ ಅಲ್ರೀ?" ಅಂದ.

ಡಾಕ್ಟರು ಎರಡು ಸಲ ಗಂಟಲು ಸರಿಮಾಡಿಕೊಂಡರು. "ಅಷ್ಟೇ. ಬಿಡಿಸದಿದ್ರೆ ಮಡಿ ಹಾಳಾಗ್ತದೆ. ಹುಟ್ಟಿನಿಂದ ಬಂದದ್ದು, ಆಪರೇಷನ್ ಬೇಕು. ಅರ್ಥ ಆಯ್ತಾ?"

ಆದರೆ ಮನೆಯಲ್ಲಿ ಜೇಜಿ, ಅಂದರೆ ಅಪ್ಪನ ಅವ್ವ, ಬೇರೆ ಕಾರಣ ಹುಡುಕಿದ್ದಳು. "ಇವನವ್ವ ಬಸುರಿ ಇದ್ದಾಗ ಬಸ್‌ಸ್ಟ್ಯಾಂಡಿನಾಗ ಗೋಲಿಸೋಡಾ ಕುಡಿದ್ಲು. ಆ ಗಾಳಿ ಎಲ್ಲಿಗೆ ಹೋಗಬೇಕು? ಕೂಸಿನ ಕಿಡ್ನಿ ಹೊಕ್ಕೈತಿ!" ಅಪ್ಪ ಅಲ್ಲವೆಂದರೆ, "ನೀ ಹೆಂಡ್ತಿ ವಕೀಲ, ಸುಮ್ನಿರು" ಅನ್ನುವಳು. ಬರಬರುತ್ತ ಅವ್ವನೂ ಅದನ್ನೇ ನಂಬಿದಳು. ನನ್ನ ತಟ್ಟೆಗೆ ಬಡಿಸಿ, ತಾನು ಉಣ್ಣದೆ ಏಳುತ್ತಿದ್ದಳು. ಅದನ್ನು ನೋಡುವುದು ಪಕ್ಕೆನೋವಿಗಿಂತ ಕಷ್ಟವಾಗಿತ್ತು.

ಆಪರೇಷನ್ನಿಗೆ ಹೊರಡುವ ಹಿಂದಿನ ದಿನ ಜೇಜಿಯ ಕನ್ನಡಕವನ್ನೇ ಮೂಗಿಗೇರಿಸಿಕೊಂಡು ಅವಳ ಮುಂದೆ ನಿಂತೆ. ಎರಡು ಸಲ ಗಂಟಲು ಸರಿಮಾಡಿಕೊಂಡೆ.

"ನೋಡಮ್ಮಾ, ಇದು ಹುಟ್ಟಿನಿಂದ ಬಂದದ್ದು. ತಾಯಿ ಏನು ಕುಡಿದ್ರೂ ಬರೋದಲ್ಲ. ಯಾರ ತಪ್ಪೂ ಅಲ್ಲ. ಅರ್ಥ ಆಯ್ತಾ?"

ಜೇಜಿ ಮೊದಲು ನಕ್ಕಳು. ಕೊನೆಯ ಪ್ರಶ್ನೆ ಬಂದಾಗ ಮಾತ್ರ ತನಗೇ ತಿಳಿಯದೆ ಸೆರಗನ್ನು ತಲೆಮೇಲೆ ಎಳೆದುಕೊಂಡು, "ಆತ್ರೀ ಸರ" ಅಂದುಬಿಟ್ಟಳು! ಅಂದಮೇಲೆ ಹಿಂದೆ ತಗೊಳ್ಳುವುದು ಹ್ಯಾಂಗ? ಸ್ವಲ್ಪ ಹೊತ್ತು ಗುರಾಯಿಸಿ, ಅಡಿಗಿಮನಿ ಕಡೆ ತಿರುಗಿ ಕೂಗಿದಳು: "ಏ ಹುಡುಗಿ, ರೊಟ್ಟಿ ಆರಾಕತ್ಯಾವ, ಉಣಬಾ."

ಅವ್ವ ಬಂದಳು. ಉಂಡಳು.

ಬಳ್ಳಾರಿಯಲ್ಲಿ ಸಣ್ಣಗಿದ್ದ ತುಂಡು ಕತ್ತರಿಸಿ ನಾಳ ಜೋಡಿಸಿದರು. ಒಳಗಿಟ್ಟ ಕೊಳವೆಯನ್ನು ಕೆಲವು ವಾರದ ಮೇಲೆ ತೆಗೆದರು. ಆ ಕಿಡ್ನಿ ಇಂದಿಗೂ ಸ್ಕ್ಯಾನಿಂಗಿನಲ್ಲಿ ಕೊಂಚ ದಪ್ಪ ಕಾಣುತ್ತದೆ. ಆದರೆ ಕೆಲಸ ಮಾಡುತ್ತದೆ, ನನಗಿಂತ ನಿಯತ್ತಾಗಿ.

ಜೇಜಿ ಈಗಿಲ್ಲ. ಅವ್ವನನ್ನು ಬೈಯುವವರು ಮನೆಯಲ್ಲಿ ಯಾರೂ ಉಳಿದಿಲ್ಲ. ಅದೇ ಅವಳಿಗೆ ದೊಡ್ಡ ತ್ರಾಸು. ಮಧ್ಯಾಹ್ನ ಭಾಂಡೆ ತಿಕ್ಕುತ್ತ ಅವಳೇ ಕೇಳುತ್ತಾಳೆ: "ಲೇ, ಜೇಜಿ ದನಿ ಮಾಡಿ ನನ್ನ ಒಂಚೂರು ಬೈಯಲೇ."

ಬೈಯುತ್ತೇನೆ. ಸಾರು ನೀರಾಗಿದ್ದಕ್ಕೆ ಬೈಯುತ್ತೇನೆ, ಗಟ್ಟಿಯಾಗಿದ್ದಕ್ಕೂ ಬೈಯುತ್ತೇನೆ. ಅವ್ವ ಪೂರಾ ಕೇಳಿಸಿಕೊಂಡು ತಲೆ ಅಲ್ಲಾಡಿಸುತ್ತಾಳೆ.

"ಊಹ್ಞೂ. ನಿಂದು ಬರೇ ದನಿ. ಅಕೀಗೆ ಸಿಟ್ಟೂ ಬರ್ತಿತ್ತು."